ಅಳಿಯ ಅಲ್ಲ, ಮಗಳ ಗಂಡ

ಗದಿಗೆಪ್ಪಣ್ಣ ಯಾರನ್ನೂ ‘ಗಾಡಿ ಬೇಕೇನ್ರಿ?’ ಎಂದು ಕೇಳಿದವನಲ್ಲ. ‘ಗಾಡಿ ಯಾವಾಗ ಒಯ್ತೀರಿ?’ ಎಂದೇ ಕೇಳುತ್ತಿದ್ದ. ಎದುರಿಗಿದ್ದವರು ಗಾಡಿ ಕೊಳ್ಳುವುದು ಹಣೆಯಲ್ಲಿ ಬರೆದಾಗಿದೆ, ತನಗೆ ತಿಳಿಯಬೇಕಾದದ್ದು ದಿನ ಮಾತ್ರ ಎನ್ನುವ ಧಾಟಿ. ಹೆಲ್ಮೆಟ್ಟಿಲ್ಲವೆಂದು ತಡೆದು ನಿಲ್ಲಿಸಿದ ಪೊಲೀಸನಿಗೂ ಅದೇ ಪ್ರಶ್ನೆ. ಹಲ್ಲು ಕೀಳಿಸಿಕೊಂಡ ದಿನ, ಬಾಯಿಗೆ ಒತ್ತಿದ ಅರಳೆಯನ್ನು ಪಕ್ಕಕ್ಕೆ ಸರಿಸಿ ಡಾಕ್ಟರಿಗೂ ಅದೇ ಪ್ರಶ್ನೆ. ನಾನು ಹಾನಗಲ್ಲಿನ ಬೈಕ್ ಶೋರೂಮಿಗೆ ಕಂಪ್ಯೂಟರ್ ಕೆಲಸಕ್ಕೆ ಸೇರಿದ ದಿನ ಇನ್ನೂ ಕುರ್ಚಿ ಎಳೆದುಕೊಂಡಿರಲಿಲ್ಲ, “ತಂಗೆವ್ವಾ, ಸ್ಕೂಟರ್ ಯಾವಾಗ ಒಯ್ತಿ?” ಎಂದ. “ಅಣ್ಣಾರ, ನಾ ಇಲ್ಲೇ ಕೆಲಸಕ್ಕ ಬಂದೇನ್ರಿ” ಎಂದರೆ, “ಹಂಗಾರ ಮೊದಲನೇ ಪಗಾರದಾಗ ಅಂತ ಹಾಕ್ಕೋತೇನಿ ತಗೋ” ಎಂದು ತನ್ನ ಫೋನಿನಲ್ಲಿ ನನ್ನನ್ನು ಗಿರಾಕಿಗಳ ಸಾಲಿಗೆ ಸೇರಿಸಿಯೇಬಿಟ್ಟ.

ಕುಳ್ಳಗಿನ ಆಳು. ಹಣೆಗೆ ಮೂರು ಬೆರಳ ವಿಭೂತಿ, ಬಾಯಲ್ಲಿ ಸದಾ ಒಂದು ಏಲಕ್ಕಿ. ಕಂಪನಿಯವರು ಕೊಟ್ಟ ಬಿಗಿ ಅಂಗಿಯ ಗುಂಡಿ ಹೊಟ್ಟೆಯ ಹತ್ತಿರ ಒಂದು ಹಾಕಿದರೆ ಇನ್ನೊಂದು ಬಿಚ್ಚುತ್ತಿತ್ತು. ಹೊಸ ಗಾಡಿ ಮಾರುವವನ ಸ್ವಂತ ಗಾಡಿ ಮಾತ್ರ ಓಬೀರಾಯನ ಕಾಲದ್ದು. ಹಾರ್ನು ಕೆಟ್ಟು ಎಷ್ಟೋ ವರ್ಷವಾಗಿ, ಬಾಯಿಯಿಂದಲೇ “ಏ ಸರೀರಿ, ಸರೀರಿ ಯವ್ವಾ” ಎಂದು ಕೂಗುತ್ತ ಸಂತೆಯಲ್ಲಿ ನುಗ್ಗುತ್ತಿದ್ದ. ಯಾರಾದರೂ ಅದನ್ನು ಆಡಿಕೊಂಡರೆ ಉತ್ತರ ತಯಾರಿತ್ತು. “ಮಿಠಾಯಿ ಅಂಗಡಿಯಾಂವ ಎಂದಾರ ಮಿಠಾಯಿ ತಿಂತಾನೇನ್ರಿ?”

ನಮ್ಮ ಮುಖ್ಯ ಶೋರೂಮು ಹಾನಗಲ್ಲಿನಲ್ಲಿ. ಶಿಗ್ಗಾವಿ, ಸವಣೂರುಗಳಲ್ಲಿ ಬ್ರಾಂಚು, ಹಿರೇಕೆರೂರಿನಲ್ಲಿ ಹೊಸದಾಗಿ ಇನ್ನೊಂದು. ಎಲ್ಲಕ್ಕೂ ಒಬ್ಬರೇ ಸಾವ್ಕಾರ್ರು. ಅವರ ಕುರ್ಚಿಯಲ್ಲಿ ಅವರ ಮಗನೂ ಕೂಡುತ್ತಿರಲಿಲ್ಲ. ಕಲೆಕ್ಟರು ಬಂದರೂ ಅರ್ಧ ಏಳುವ ಮನುಷ್ಯ, ಪೂರ್ತಿ ಎದ್ದದ್ದನ್ನು ನಾವು ಕಂಡಿಲ್ಲ. ಸೇಲ್ಸಿನವರು ಊರೂರು ತಿರುಗಿ ಗಾಡಿ ಬೇಕೆಂದವರ ಹೆಸರು, ಊರು, ಫೋನು, ಯಾವ ಗಾಡಿ, ಏನು ಕೆಲಸ ಎಲ್ಲವನ್ನೂ ಫೋನಿನಲ್ಲೇ ತುಂಬಿದರೆ ಅದು ನನ್ನ ಕಂಪ್ಯೂಟರಿಗೆ ಬಂದು ಬೀಳುತ್ತಿತ್ತು. ಹಿರೇಕೆರೂರಿಗೆ ಇನ್ನೂ ಮ್ಯಾನೇಜರ್ ಆಗಿರಲಿಲ್ಲ. “ದೀಪಾವಳಿಗೆ ಯಾರ ಗಿರಾಕಿ ಹೆಚ್ಚಿರ್ತಾರ, ಆ ಕುರ್ಚಿ ಅವರದು” ಎಂದು ಸಾವ್ಕಾರ್ರು ಸಾರಿಬಿಟ್ಟಿದ್ದರು.

ಆ ಕುರ್ಚಿಯ ಮೇಲೆ ಗದಿಗೆಪ್ಪಣ್ಣನ ಜೀವವೇ ಇತ್ತು. ಅವನ ಹೆಂಡತಿಯ ತವರು ಹಿರೇಕೆರೂರಿಗೆ ಹತ್ತಿಕೊಂಡ ಒಂದು ಹಳ್ಳಿ. “ಅಲ್ಲೇ ಯಾಕ್ರಿ? ಸವಣೂರು ಆಗಂಗಿಲ್ಲೇನು?” ಎಂದು ಕೇಳಿದರೆ, “ಸ್ವರ್ಗ ಕೊಟ್ರೂ ಬ್ಯಾಡ, ಹಿರೇಕೆರೂರ ಬೇಕು” ಎನ್ನುತ್ತಿದ್ದ. ಗಿರಾಕಿಗಳ ಲೆಕ್ಕದಲ್ಲಿ ಅವನೇ ಎಲ್ಲರಿಗಿಂತ ಮುಂದೆ. ಬೇರೆಯವರು ಅವನ ಹತ್ತಿರಕ್ಕೂ ಇರಲಿಲ್ಲ.

ಅಷ್ಟರಲ್ಲಿ ಆಡೂರಿನ ಮಹಾದೇವಪ್ಪನ ಪ್ರಕರಣ ಆಯಿತು.

ಹಬ್ಬದ ಮುಂಚೆ ಶಿಗ್ಗಾವಿ ಬ್ರಾಂಚಿನ ಹುಡುಗಿ, ಕಂಪ್ಯೂಟರ್ ಹೇಳಿದಂತೆ, ಹಿರೇಬೆಂಡಿಗೇರಿಯ ಒಂದು ನಂಬರಿಗೆ ಫೋನು ಮಾಡಿ “ನೀವು ಕೇಳಿದ ಕೆಂಪು ದೊಡ್ಡ ಗಾಡಿ ಬಂದೈತ್ರಿ, ಬರ್ರಿ” ಎಂದಳು. ಎತ್ತಿದವರು ಮಹಾದೇವಪ್ಪನ ಮಾವ. ಅಳಿಯನ ಗಾಡಿ ಬಂತೆಂಬ ಸಂಭ್ರಮಕ್ಕೆ ಮುದುಕರು ಮನೆಮಂದಿಯನ್ನೆಲ್ಲ ಒಂದು ಟಂಟಂ ಆಟೋದಲ್ಲಿ ತುಂಬಿಕೊಂಡು, ಹೂವಿನ ಮಾಲೆ, ತೆಂಗಿನಕಾಯಿ, ನಿಂಬೆಹಣ್ಣು ಸಮೇತ ಶಿಗ್ಗಾವಿಗೆ ಬಂದಿಳಿದರು. ಕೆಂಪು ಗಾಡಿಗೆ ಮಾಲೆಯನ್ನೂ ಹಾಕಿಬಿಟ್ಟರು. ಆಮೇಲೆ ಅಳಿಯನಿಗೆ ಫೋನು ಹೋಯಿತು. ಪಾಪ, ಅವನು ಆಡೂರಿನ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿದ್ದ.

ಮರುದಿನ ಮಹಾದೇವಪ್ಪ ಹಾನಗಲ್ಲಿಗೆ ಬಂದು ಶೋರೂಮಿನ ಗಾಜು ನಡುಗುವಂತೆ ಒದರಾಡಿದ. “ನಾ ಯಾವಾಗ ಕೆಂಪು ಗಾಡಿ ಕೇಳೇನಿ? ಹಳೇ ಗಾಡಿ ಕೊಟ್ಟು ಸಣ್ಣದು ಒಯ್ಯಾಂವ ನಾನು! ನನ್ನ ಇಜ್ಜತ್ ತಗದ್ರಲ್ರೀ!”

ಸಾವ್ಕಾರ್ರು ನನ್ನ ಕಡೆ ನೋಡಿದರು. ನಾನು ಹುಡುಕಿದೆ. ಮಹಾದೇವಪ್ಪ ಒಬ್ಬನಲ್ಲ, ಮೂವರಿದ್ದರು. ಆಡೂರಿನಲ್ಲಿ ಸಣ್ಣ ಗಾಡಿಯವನು. ಹಿರೇಬೆಂಡಿಗೇರಿಯಲ್ಲಿ, ಮಾವನ ಫೋನ್ ನಂಬರಿನ ಕೆಳಗೆ, ಒಂದೇ ಸಲಕ್ಕೆ ರೊಕ್ಕ ಕೊಟ್ಟು ಕೆಂಪು ದೊಡ್ಡ ಗಾಡಿ ಒಯ್ಯುವವನು. ಅಕ್ಕಿಆಲೂರಿನ ಸಂತೆಯಲ್ಲಿ ‘ಚಹಾ ಕುಡಿದು ಹೋದರು, ಮನಸ್ಸಿದೆ’. ಮೂರನ್ನೂ ಸೇರಿಸಿದವನು ಗದಿಗೆಪ್ಪಣ್ಣ. ಅವನಾಗಲೇ ಮಹಾದೇವಪ್ಪನ ಹೆಗಲ ಮೇಲೆ ಕೈ ಹಾಕಿ ಹೊರಗೆ ಕರೆದೊಯ್ದಿದ್ದ. ಜಗಳಕ್ಕೆ ಬಂದ ಮನುಷ್ಯ ಎರಡು ಚಹಾ ಮುಗಿಯುವ ಹೊತ್ತಿಗೆ ಸಣ್ಣ ಗಾಡಿಯನ್ನೇ, ಆದರೆ ಕೆಂಪು ಬಣ್ಣದ್ದನ್ನು, ಹಬ್ಬಕ್ಕೆ ಒಯ್ಯಲು ಒಪ್ಪಿ ಹೋದ. ದೂರದಿಂದ ನೋಡಿದರೆ ಮಾವನಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲವಂತೆ.

ಸಾವ್ಕಾರ್ರು ಬಿಡುವ ಕುಳವಲ್ಲ. “ಹಬ್ಬದೊಳಗ ಎಲ್ಲಾ ಡಬಲ್ ಹೆಸರು ಹುಡುಕಿ ಒಂದು ಮಾಡ್ರಿ. ಸ್ವಚ್ಛ ಆದ ಮ್ಯಾಲೆ ಉಳಿದ ಲೆಕ್ಕಾನ ಖರೇ ಲೆಕ್ಕ. ಮಾಡಿದಾಂವನ ಕುಂತು ತೊಳೀಲಿ” ಎಂದು ಗದಿಗೆಪ್ಪಣ್ಣನನ್ನು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದರು. ಕಳ್ಳನ ಕೈಗೇ ಕೀಲಿ ಕೊಟ್ಟಂತಾಯಿತಲ್ಲ ಎಂದು ನಾನು ಒಳಗೊಳಗೇ ನಕ್ಕೆ. ಅವನ ಮುಖ ಮಾತ್ರ ಹರಳೆಣ್ಣೆ ಕುಡಿದವರ ಹಾಗಿತ್ತು. ಒಂದೊಂದು ಹೆಸರು ಕೂಡಿದಾಗಲೂ ಹಿರೇಕೆರೂರಿನ ಕುರ್ಚಿ ಒಂದು ಗೇಣು ದೂರ ಸರಿಯುತ್ತದೆಂದು ಅವನಿಗೆ ಗೊತ್ತಿತ್ತು.

“ಹಿಂಗ್ಯಾಕ ಮಾಡಿದ್ರಿ ಅಣ್ಣಾರ?” ಎಂದು ಕೇಳಿದೆ.

“ತಂಗೆವ್ವಾ, ನಾ ಸುಳ್ಳು ಬರದಿಲ್ಲ. ಅವರು ಹೇಳಿದ್ದನ್ನ ಬರದೇನಿ. ಗಂಡಸು ತನ್ನ ಊರಾಗ ಇದ್ದಾಗ ‘ನೋಡೂಣು ತಗೋರಿ, ಪೀಕು ಬರ್ಲಿ’ ಅಂತಾನ. ಅದ ಮನಷ್ಯಾ ದೀಪಾವಳಿಗೆ ಅತ್ತಿ ಮನಿಗೆ ಹೋಗಿ, ಹೊಸಾ ಧೋತರ ಉಟ್ಟು, ಹೋಳಿಗಿ ಉಂಡು ಕಟ್ಟಿ ಮ್ಯಾಲೆ ಕುಂತಾಗ ಕೇಳು. ಎದುರಿಗೆ ಮಾವ, ಬಾಗಲದಾಗ ಅತ್ತಿ, ಹಿಂದ ನಾದಿನ್ಯಾರು. ಇಲ್ಲ ಅನ್ನಾಕ ಬಾಯಿ ಬರತೈತೇನು? ಎಲ್ಲಾಕ್ಕಿಂತ ದೊಡ್ಡದು ಯಾವುದೈತಿ, ಅದನ್ನ ಬರಕೋರಿ ಅಂತಾನ. ಅತ್ತಿ ಊರಾಗ ಅವ ಬ್ಯಾರೇನ ಗಿರಾಕಿ!”

“ಅಳಿಯ ಅಲ್ಲ, ಮಗಳ ಗಂಡ ಅಂದಂಗಾತು. ಇಬ್ಬರೂ ಒಬ್ಬನ ಅಲ್ಲೇನ್ರಿ?”

“ಒಬ್ಬನ. ಆದ್ರ ಮಗಳ ಗಂಡ ರೊಕ್ಕ ಎಣಸ್ತಾನ, ಅಳಿಯ ಮೀಸಿ ತಿರುವತಾನ. ನೀ ಕೂಡಿಸು ಅಂದ್ರ ಯಾವನ್ನ ಇಟ್ಟು ಯಾವನ್ನ ತಗೀಲಿ?”

ವಾದ ಎಷ್ಟೇ ಮಾಡಲಿ, ಕೆಲಸವನ್ನು ಮಾತ್ರ ಮನಸ್ಸಿಟ್ಟು ಮಾಡಿದ. ಹುಡುಕುವ ಕ್ರಮವೂ ಅವನದೇ. ಗಿರಾಕಿಗೆ ಫೋನು ಹಚ್ಚಿ “ನೀವು ಎರಡು ಕಡೆ ಹೆಸರು ಕೊಟ್ಟೀರೇನು?” ಎಂದು ಕೇಳಿದರೆ ಯಾರು ಒಪ್ಪುತ್ತಾರೆ? ಅವನು ಕೇಳುತ್ತಿದ್ದುದು ಒಂದೇ ಮಾತು. “ನಮಸ್ಕಾರ್ರಿ, ಈ ಸಲ ದೀಪಾವಳಿ ಎಲ್ಲಿ?” ಆ ಕಡೆಯವನು ಹಿಗ್ಗಿನಿಂದ “ಮತ್ತೆಲ್ರಿ, ಸವಣೂರ ಕಡೆ, ಅತ್ತಿ ಮನಿಗೆ” ಎಂದ ಕೂಡಲೇ ನನ್ನ ಕಡೆ ತಿರುಗಿ, “ತಂಗೆವ್ವಾ, ಸವಣೂರಾಗ ಇವರದೊಂದು ಅವತಾರ ಐತಿ, ತಗಿ” ಎನ್ನುತ್ತಿದ್ದ. ಇದ್ದೇ ಇರುತ್ತಿತ್ತು.

ಒಬ್ಬ ಮಾತ್ರ “ನಾ ಎಲ್ಲೂ ಹೋಗಂಗಿಲ್ರಿ. ಅತ್ತಿ ಮನಿಯಾವರು ಈ ವರ್ಷ ಕರದಿಲ್ಲ” ಎಂದು ಸಪ್ಪಗೆ ಹೇಳಿದ. ಗದಿಗೆಪ್ಪಣ್ಣ ಫೋನು ಇಟ್ಟವನೇ ಇನ್ನೊಂದು ದಾಖಲೆಯಲ್ಲಿದ್ದ ಮಾವನ ನಂಬರಿಗೆ ಹಚ್ಚಿದ. “ಗೌಡ್ರ, ಶೋರೂಮಿನಿಂದ ಮಾತಾಡಾಕತ್ತೇನಿ. ನಿಮ್ಮ ಅಳಿಯಂದ್ರು ಹಬ್ಬಕ್ಕ ನಿಮ್ಮೂರಿಗೆ ಬರಾಕ ಗಾಡಿ ನೋಡಾಕತ್ತಾರ. ನೀವು ಕರದೀರೋ ಇಲ್ಲೋ ಅಂತ ಗೊತ್ತಾದ್ರ ಬಣ್ಣ ಹೇಳ್ತಾರಂತ.” ಗೌಡರು ಗಲಿಬಿಲಿಗೊಂಡು “ಕರೀಲಾರದ ಇರ್ತೇವೇನ್ರಿ? ಇವತ್ತ ಕರೀತೇನಿ” ಎಂದರು. ನಾನು ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದೆ. “ನಗಬ್ಯಾಡ. ಎರಡು ನಂಬರ್ ಇದ್ದದ್ದಕ್ಕ ಒಂದು ಸಂಸಾರ ಕೂಡ್ತು. ಈಗ ಬೇಕಾರ ಕೂಡಸು” ಎಂದ.

ಅವನ ಕಳವಿಗಿಂತ ಬೇರೆಯವರದು ಹೊಲಸು ಎಂದು ಆಮೇಲೆ ಗೊತ್ತಾಯಿತು. ಸವಣೂರು ಬ್ರಾಂಚಿನ ಸೇಲ್ಸಿನವನು ಒಂದು ಲಗ್ನಪತ್ರಿಕೆ ಇಟ್ಟುಕೊಂಡು ‘ಸುಖಾಗಮನ ಬಯಸುವವರು’ ಎಂದಿದ್ದ ಅಷ್ಟೂ ಹೆಸರುಗಳನ್ನು ಗಿರಾಕಿ ಮಾಡಿದ್ದ. ಅದರ ಕೊನೆಯಲ್ಲಿ ‘ನಮ್ಮ ಚಿಕ್ಕಪ್ಪನ ಮದುವೆಗೆ ಬನ್ನಿ’ ಎಂದು ಕರೆದ ಕೂಸುಗಳಿಗೂ ಗಾಡಿ ಬರೆದಿದ್ದ. ಗದಿಗೆಪ್ಪಣ್ಣ ಆ ಹೆಸರುಗಳನ್ನು ಅಳಿಸುವಾಗ, “ನಾ ಇದ್ದಾವನ್ನ ಮೂರು ಮಾಡೇನಿ. ಇವ ಹಾಲು ಕುಡಿಯೋ ಕೂಸಿಗೆ ಲೈಸನ್ಸ್ ಕೊಟ್ಟಾನಲ್ಲ!” ಎಂದು ನಿಜವಾಗಿಯೂ ನೊಂದುಕೊಂಡ.

ಒಂದು ಮಧ್ಯಾಹ್ನ ಚಹಾ ಬಂದರೂ ಮುಟ್ಟದೆ ಕುಳಿತಿದ್ದ.

“ತಂಗೆವ್ವಾ, ಇನ್ನ ಸ್ವಲ್ಪದಾಗ ಒಂದು ಜೋಡಿ ಬರತೈತಿ. ಅದರಾಗ ನಾನ ಅದೇನಿ.”

ನಾನು ಕಿಸಕ್ಕನೆ ನಕ್ಕೆ. ಅವನು ನಗಲಿಲ್ಲ. ಲಗ್ನ ಗೊತ್ತಾಗುವ ಮುಂಚೆ ಮಾವ “ಏನು ಮಾಡ್ತೀರಿ?” ಎಂದು ಕೇಳಿದಾಗ ‘ಸೇಲ್ಸ್‌ಮನ್’ ಎಂದರೆ ಹುಡುಗಿ ಕೊಡುತ್ತಾರೋ ಇಲ್ಲವೋ ಎಂದು ಹೆದರಿ ‘ಮ್ಯಾನೇಜರ್’ ಎಂದುಬಿಟ್ಟಿದ್ದನಂತೆ. ಮೊನ್ನೆ ಒಂದು ಹಬ್ಬಕ್ಕೆ ಹೋದಾಗ ಮಾವ, “ಹೆಸರು ಹೆಂಗ ಸೇರಸ್ತೀರಿ, ತೋರಸ್ರಿ” ಎಂದು ಕನ್ನಡಕ ಏರಿಸಿ ಪಕ್ಕಕ್ಕೇ ಕುಳಿತರು. ತೋರಿಸಲೆಂದು ತನ್ನ ಹೆಸರನ್ನೇ, ಮಾವನ ಫೋನ್ ನಂಬರಿನೊಂದಿಗೆ ಹಾಕಿದ. ‘ಏನು ಕೆಲಸ’ ಎನ್ನುವ ಜಾಗ ಬಂತು. ಮಾವ ನೋಡುತ್ತಿದ್ದಾರೆ. ಏನು ಮಾಡಬೇಕು? ಮ್ಯಾನೇಜರ್ ಎಂದೇ ತುಂಬಿದ.

“ಅದಕ್ಕ ನನಗ ಹಿರೇಕೆರೂರ ಬೇಕಾಗಿತ್ತು. ಆ ಕುರ್ಚಿ ಮ್ಯಾಲೆ ಕುಂತ್ರ ಅಷ್ಟು ವರ್ಷದ ಸುಳ್ಳು ಒಂದ ದಿನಕ್ಕ ಖರೇ ಆಗತಿತ್ತು ನೋಡು.”

ಈಗ ತೊಡಕು ಇದ್ದದ್ದು ಇಲ್ಲಿ. ಎರಡು ದಾಖಲೆ ಕೂಡಿಸಿದ ದಿನ ಸಂಜೆ ಎರಡೂ ನಂಬರಿಗೆ ಒಂದು ಮೆಸೇಜು ತಾನಾಗಿಯೇ ಹೋಗುತ್ತಿತ್ತು: ನಿಮ್ಮ ಹೆಸರು ಇದು, ಊರು ಇದು, ಕೆಲಸ ಇದು, ತಪ್ಪಿದ್ದರೆ ತಿಳಿಸಿ ಎಂದು. ಕೆಲಸಕ್ಕೆ ಸೇರಿದಾಗ ತಾನೇ ತುಂಬಿದ್ದ ಹಾನಗಲ್ಲಿನ ದಾಖಲೆಯಲ್ಲಿ ಗದಿಗೆಪ್ಪಣ್ಣ ಸೇಲ್ಸ್‌ಮನ್; ಕೂಡಿಸಿದರೆ ಉಳಿಯುವುದು ಆ ಮೊದಲನೆಯದೇ. ಅದು ನೇರ ಮಾವನ ಕೈಗೆ ಹೋಗಿ ಕೂಡುತ್ತದೆ.

“ಇಬ್ಬರೂ ಬ್ಯಾರೆ ಬ್ಯಾರೆ ಅಂತ ಒತ್ತಿಬಿಡ್ತೇನಿ ಅಣ್ಣಾರ. ಯಾರಿಗೆ ಗೊತ್ತಾಗತೈತಿ?” ಎಂದೆ. ಮನಸ್ಸಿನಿಂದಲೇ ಹೇಳಿದೆ. ಅವನ ಮುಖ ನೋಡಲಾಗುತ್ತಿರಲಿಲ್ಲ.

ಸ್ವಲ್ಪ ಹೊತ್ತು ಏಲಕ್ಕಿ ಜಗಿದ. “ಬ್ಯಾಡ. ಊರಾಗಿನ ಅಳಿಯಂದ್ರನ್ನೆಲ್ಲಾ ಬಯಲಿಗೆ ಎಳದು ನಾ ಒಬ್ಬನ ಪಡದೆ ಹಿಂದ ನಿಂತ್ರ ಹೆಂಗ?” ಎಂದು ಕೈ ಚಾಚಿ ತಾನೇ ಒತ್ತಿಬಿಟ್ಟ. ಒತ್ತಿದ ಮೇಲೆ ಬುದ್ಧಿ ಬಂತು. “ಯಪ್ಪಾ! ಮೆಸೇಜು ಸಂಜೀಕ ಅಲ್ಲ? ನಾ ಮೊದಲ ಹೋಗಿ ಬಾಯಿಲೇ ಹೇಳ್ತೇನಿ” ಎಂದು ಹೆಲ್ಮೆಟ್ ಕೂಡ ಮರೆತು ಓಡಿದ. ಆ ಮುರುಕು ಗಾಡಿಯಲ್ಲಿ, ಹಾರ್ನಿಲ್ಲದೆ, “ಸರೀರಿ ಸರೀರಿ” ಎಂದು ಕೂಗುತ್ತ ಹಿರೇಕೆರೂರಿನ ತನಕ ಒಂದು ಮೆಸೇಜಿನ ಜೊತೆ ಪಂದ್ಯ ಕಟ್ಟಿದವನು ನಮ್ಮ ಸೀಮೆಯಲ್ಲಿ ಅವನೊಬ್ಬನೇ ಇರಬೇಕು.

ಮರುದಿನ ಬಂದವನು ಸ್ಟೂಲಿನ ಮೇಲೆ ಕುಳಿತ. ನನಗೆ ತಡೆಯಲಾಗಲಿಲ್ಲ.

“ಹೇಳಿದ್ರೋ ಇಲ್ಲೋ?”

“ಹೇಳಿದೆ. ಗೋವಿನಜೋಳದ ರಾಶಿ ಮುಂದ ಕುಂತಿದ್ರು. ಕಾಲು ಹಿಡದು ಹೇಳಿದೆ, ಮಾವಾರ, ನಾ ಮ್ಯಾನೇಜರ್ ಅಲ್ರಿ, ಸೇಲ್ಸ್‌ಮನ್ ಅದೇನಿ, ಸುಳ್ಳು ಹೇಳಿದ್ದೆ ಅಂತ.”

“ಬೈದ್ರೇನು?”

“ಬೈದಿದ್ರ ಛಲೋ ಇತ್ತು. ಆ ಕಡೆ ಈ ಕಡೆ ನೋಡಿ ‘ಮೆಲ್ಲಕ ಮಾತಾಡ್ರಿ ಅಳಿಯಂದ್ರ! ನಾ ಊರ ಮಂದಿಗೆಲ್ಲಾ ನೀವು ಮಾಲಕ್ರು ಅಂತ ಹೇಳಿ ಕುಂತೇನಿ’ ಅಂದ್ರು.”

“ಮಾಲಕ್ರು ಅಂತಾನ?” ಎಂದೆ.

“ಹೌದು! ನಾಕೂ ಊರಿನ ಶೋರೂಮು ನಂದ ಅಂತ! ಯಾಕ್ರಿ ಮಾವಾರ ಅಷ್ಟು ಹೇಳಿದ್ರಿ ಅಂದ್ರ, ‘ಬಾಜೂ ಮನಿಯಾವರ ಅಳಿಯ ಬ್ಯಾಂಕಿನ್ಯಾಗ ಮ್ಯಾನೇಜರ್ ಅದಾನ, ನನ್ನ ಅಳಿಯನೂ ಮ್ಯಾನೇಜರ್ ಅಂತ ಹೇಳಿದ್ರ ನನಗೇನು ಕಿಮ್ಮತ್ತು?’ ಅಂತಾರ. ಅಷ್ಟರಾಗ ಅವರ ಕಿಸೆದಾಗ ಮೆಸೇಜು ಬಂತು. ತಗದು ನೋಡಿ, ಅಳಿಸಿ ಒಗದ್ರು. ‘ನಿಮ್ಮ ಸುಳ್ಳು ನೀವು ಬಿಟ್ರಿ, ಛಲೋ ಆತು. ನಂದು ನಾ ಇರೂತನಕ ನಡೀಲಿ’ ಅಂತ ಹೇಳಿ ಚಹಾ ತರಿಸಿದ್ರು.”

ಅಂದು ನಾನು ನಕ್ಕದ್ದಕ್ಕೆ ಲೆಕ್ಕವಿಲ್ಲ, ಪಕ್ಕೆ ಹಿಡಿದುಕೊಂಡಿತು. ಅವನೂ ನಕ್ಕ. ಇಬ್ಬರಿಗೂ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂಬ ಕಲ್ಪನೆ ಇರಲಿಲ್ಲ.

ಹಬ್ಬದ ಲಕ್ಷ್ಮೀಪೂಜೆಯ ದಿನ ಸಾವ್ಕಾರ್ರು ಸ್ವಚ್ಛವಾದ ಲೆಕ್ಕ ತರಿಸಿ ನೋಡಿದರು. ಗದಿಗೆಪ್ಪಣ್ಣನ ಗಿರಾಕಿಗಳು ಕರಗಿ ಹೋಗಿದ್ದರು, ನಿಜ. ಉಳಿದವರ ಗಿರಾಕಿಗಳು ಅದಕ್ಕಿಂತ ಹೆಚ್ಚು ಕರಗಿದ್ದರು. ತೊಳೆದ ಮೇಲೂ ಅವನೇ ಮೊದಲು. ಸಾವ್ಕಾರ್ರು ಪೇಡೆಯ ತಟ್ಟೆ ಮುಂದೆ ಸರಿಸಿ, “ಗದಿಗೆಪ್ಪಾ, ಹಿರೇಕೆರೂರ ನಿಂದು. ನಾಳೆಯಿಂದ ಮ್ಯಾನೇಜರ್” ಎಂದರು.

ಅವನು ಪೇಡೆ ತೆಗೆದುಕೊಳ್ಳಲಿಲ್ಲ.

“ಸಾವ್ಕಾರ್ರ, ಹಿರೇಕೆರೂರಾಗ ನಾ ಮ್ಯಾನೇಜರ್ ಆಗಾಕ ಬರಂಗಿಲ್ರಿ.”

“ಯಾಕಲೇ? ಅದ ಬೇಕು ಅಂತ ಜೀವಾ ತಿಂದೀಯಲ್ಲ?”

“ಅಲ್ಲಿ ನಾ ಮಾಲಕ ಅದೇನ್ರಿ.” ಹಾಗೆಂದು ಮಾವನ ಕಥೆ ಪೂರಾ ಒಪ್ಪಿಸಿದ. “ದಿನಾ ಅವರೂರ ಮಂದಿ ಹಿರೇಕೆರೂರ ಪ್ಯಾಟಿಗೆ ಬರ್ತಾರ. ನಾ ಮ್ಯಾನೇಜರ್ ಅಂತ ಬೋರ್ಡ್ ಹಾಕ್ಕೊಂಡು ಕುಂತ್ರ ಮುದುಕರ ಮಾನ ಹೋಗತೈತ್ರಿ.”

ಸಾವ್ಕಾರ್ರ ಮೂಗು ಕೆಂಪಾಯಿತು. “ನೀ ಮಾಲಕ ಆದ್ರ ನಾ ಯಾರಲೇ?”

“ಅದನ್ನ ಮಾವಾರಿಗೆ ಇನ್ನಾ ಯಾರೂ ಕೇಳಿಲ್ರಿ.”

“ಎದ್ದು ಹೊರಗ ನಡಿ!” ಎಂದು ಸಾವ್ಕಾರ್ರು ಗುಡುಗಿದ್ದಕ್ಕೆ ಪೂಜೆಯ ದೀಪವೇ ಅಲ್ಲಾಡಿತು. ಹಿರೇಕೆರೂರು ಶಿಗ್ಗಾವಿಯ ಒಬ್ಬ ಹುಡುಗನ ಪಾಲಾಯಿತು. ಗದಿಗೆಪ್ಪಣ್ಣ ಮೊದಲಿನಂತೆಯೇ ಬಿಸಿಲಿನಲ್ಲಿ ಊರೂರು ತಿರುಗಿದ. ನನಗೆ ಮಾತ್ರ ಸಿಟ್ಟು ಬಂತು. ಅಷ್ಟು ಆಸೆಪಟ್ಟದ್ದು ಕೈಗೆ ಬಂದಾಗ ಒಬ್ಬ ಮುದುಕನ ಬಡಾಯಿಗಾಗಿ ಬಿಟ್ಟುಕೊಡುವುದೆಂದರೇನು? ಹಾಗೆ ಅವನನ್ನೇ ಕೇಳಿದೆ. “ಸುಳ್ಳು ಅಂತ ಗೊತ್ತಾದ ಮ್ಯಾಲೂ ಮಗಳನ್ನ ವಾಪಸ್ ಕರಕೊಳ್ಳಲಿಲ್ಲಲ್ಲ, ತಂಗೆವ್ವಾ” ಎಂದು ನಗಿಸಲು ನೋಡಿದ. ನನಗೆ ನಗು ಬರಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಆ ಮಾವ ತೀರಿಕೊಂಡರು. ಸಾವ್ಕಾರ್ರು ಸುದ್ದಿ ಕೇಳಿದ ಕೂಡಲೇ ಕಾರು ತೆಗೆಸಿದರು. ನಾನೂ ಜೊತೆಗೆ ಹೋದೆ. ಮಣ್ಣು ಕೊಡುವ ಹೊತ್ತಿಗೆ ಮುಟ್ಟಿದೆವು. ಗದಿಗೆಪ್ಪಣ್ಣ ಮಗನ ಹಾಗೆ ಎಲ್ಲ ಮಾಡಿದ. ಒಂದು ಹನಿ ಕಣ್ಣೀರು ಬರಲಿಲ್ಲ, ಕಲ್ಲಿನಂತಿದ್ದ. ಮುಗಿಸಿ ಮನೆಯ ಅಂಗಳಕ್ಕೆ ಬಂದಾಗ ಊರ ಹಿರಿಯರು ಅವನಿಗೊಂದು ಕುರ್ಚಿ ತಂದಿಟ್ಟು, “ಕುಂತ್ಕೋರಿ ಸಾವ್ಕಾರ್ರ” ಎಂದರು. ಅವನು ಕೂಡಲಿಲ್ಲ. ಎದುರಿಗೇ ನಮ್ಮ ಸಾವ್ಕಾರ್ರು ಬೇವಿನ ಮರದ ಕೆಳಗೆ ನಿಂತಿದ್ದರು. ಅವನ ಮುಖ ಬಿಳಿಚಿತು. ಇಷ್ಟು ಮಂದಿಯ ನಡುವೆ, ಮಣ್ಣಿನ ಹಸಿ ಆರುವ ಮುನ್ನವೇ, ಸತ್ತವರ ಮಾತು ಸುಳ್ಳಾಗುತ್ತದಲ್ಲ ಎಂದು ನಾನೂ ಹೆದರಿದೆ.

ಹಿರಿಯರೊಬ್ಬರು ಸಾವ್ಕಾರ್ರ ಕಡೆ ತಿರುಗಿ, “ತಾವು ಯಾರು ಗೊತ್ತಾಗಲಿಲ್ಲರಿ?” ಎಂದರು.

ಸಾವ್ಕಾರ್ರು ಒಮ್ಮೆ ಗದಿಗೆಪ್ಪಣ್ಣನನ್ನು ನೋಡಿದರು. ಹೆಗಲ ಮೇಲಿನ ಶಲ್ಯ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ನಾವು ಹಾನಗಲ್ಲಿನಾವ್ರರಿ. ಗದಿಗೆಪ್ಪ ಸಾವ್ಕಾರ್ರ ಕೈಕೆಳಗ ಕೆಲಸಕ್ಕ ಅದೇವ್ರಿ.”

“ಹೌದ? ಪಗಾರ ಬರೋಬ್ಬರಿ ಕೊಡ್ತಾರೇನ್ರಿ ನಮ್ಮೂರ ಅಳಿಯಂದ್ರು?”

“ಕೊಡ್ತಾರ್ರಿ. ಇವತ್ತಿನ ತನಕ ಒಂದು ಬಿರುಸು ಮಾತು ಆಡಿಲ್ಲ.”

ಗದಿಗೆಪ್ಪಣ್ಣ ಪಂಚೆಯ ಚುಂಗನ್ನು ಬಾಯಿಗೆ ಒತ್ತಿಕೊಂಡ. ತಡೆಯಲಾಗಲಿಲ್ಲ. ಕೂಸಿನ ಹಾಗೆ ಗೊಳೋ ಎಂದು ಅತ್ತ. ಸಾವ್ಕಾರ್ರೇ ಹೋಗಿ ತೋಳು ಹಿಡಿದು ಆ ಕುರ್ಚಿಯ ಮೇಲೆ ಕೂಡಿಸಿದರು, ತಾವು ಪಕ್ಕದಲ್ಲಿ ನಿಂತರು. ನನ್ನ ಕಣ್ಣೂ ತುಂಬಿ ಬಂತು, ಸುಳ್ಳೇಕೆ ಹೇಳಲಿ.

ಅತ್ತೆಗೂ ಹೊಲಕ್ಕೂ ಬೇರೆ ದಿಕ್ಕಿರಲಿಲ್ಲ. ಗದಿಗೆಪ್ಪಣ್ಣ ಅಲ್ಲಿಯೇ ಉಳಿದ. ಶೋರೂಮಿಗೆ ಮತ್ತೆ ಬರಲಿಲ್ಲ, ನಾನು ಅವನನ್ನು ಆಮೇಲೆ ಕಾಣಲೂ ಇಲ್ಲ. ಅಂದು ನಾವು ಹೊರಟು ಕಾರಿನ ಬಾಗಿಲು ತೆಗೆಯುವಾಗ ಹಿಂದೆ ಕಟ್ಟೆಯ ಮೇಲೆ ಇಬ್ಬರು ಮುದುಕರು ಮಾತಾಡಿಕೊಳ್ಳುತ್ತಿದ್ದರು. ಒಬ್ಬರು ಕಾರನ್ನೇ ದಿಟ್ಟಿಸಿ ನೋಡುತ್ತ ಇನ್ನೊಬ್ಬರಿಗೆ ಹೇಳಿದರು:

“ಕೈಕೆಳಗಿನಾವ್ರ ಕಾರಿನ್ಯಾಗ ಬಂದಾರ ನೋಡ್ರಿ. ಪಾಪ, ಹೋದಾಂವ ಅಳಿಯನ ಬಗ್ಗೆ ಕಡಿಮೀನ ಹೇಳಿದ್ದ.”